ದೊಡ್ಡವರು ಬರೆದ ಮಲೆನಾಡಿನಲ್ಲಿ ಹೊಸ ಲೇಖಕಿಗೆ ಉಳಿದಿರುವುದೇನು?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಚಿಕ್ಕಂದಿನಿಂದಲೂ ಕಥೆ, ಕಾದಂಬರಿಗಳನ್ನು ಓದುತ್ತ ಬಂದಿದ್ದೇನೆ. ಬರೆಯಬೇಕೆಂಬ ಆಸೆ ಬಲವಾಗಿದೆ. ಆದರೆ ಬರೆಯಲು ಕುಳಿತರೆ ಎರಡು ಪುಟ ಮುಗಿಯುವಷ್ಟರಲ್ಲಿ ಸ್ಫೂರ್ತಿ ಬತ್ತಿಹೋಗುತ್ತದೆ. ಮಲೆನಾಡಿನ ಮಳೆ, ಕಾಡು, ತೋಟ, ಮನೆತನಗಳ ಬಗ್ಗೆ ಹಿರಿಯರೆಲ್ಲ ಬರೆದು ಮುಗಿಸಿದ್ದಾರೆ, ನನಗೆ ಉಳಿದದ್ದೇನು ಎಂಬ ಅಳುಕೂ ಇದೆ. ಬೆಂಗಳೂರು, ಮೈಸೂರಿನವರಿಗೆ ಸಿಗುವ ಗ್ರಂಥಾಲಯ, ಗೋಷ್ಠಿ, ಒಡನಾಟ ನನಗಿಲ್ಲ. ಸ್ಫೂರ್ತಿಯನ್ನು ಎಲ್ಲಿ ಹುಡುಕಲಿ? ಯಾವ ಪುಸ್ತಕ, ಯಾವ ಸಂಸ್ಥೆ, ಯಾವ ಜಾಲತಾಣ ನೆರವಾದೀತು? ಬರೆದದ್ದನ್ನು ಎಲ್ಲಿಗೆ ಕಳುಹಿಸಬೇಕು?

ಉತ್ತರ: ನಿಮ್ಮ ಅಳುಕಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಉತ್ತರವೂ ಬಹುಮಟ್ಟಿಗೆ ಅದರೊಳಗೇ ಇದೆ. ನಿಮ್ಮ ನೆರೆಯ ತೀರ್ಥಹಳ್ಳಿ ತಾಲ್ಲೂಕನ್ನೇ ತೆಗೆದುಕೊಳ್ಳಿ. 1936ರಲ್ಲಿ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಹೊರಬಂದಾಗ ಆ ಸೀಮೆಯ ಗೌಡರ ಮನೆ, ಗದ್ದೆ, ಕಾಡು, ಆಳುಕಾಳು, ಬೇಟೆ ಎಲ್ಲವೂ ಕನ್ನಡ ಕಾದಂಬರಿಯೊಳಗೆ ಇಡಿಯಾಗಿ ಬಂದಿದ್ದವು. ಇನ್ನು ಬರೆಯಲು ಏನು ಉಳಿಯಿತು ಎಂದು ಅಂದು ಆ ಊರಿನ ಯಾರಾದರೂ ಕೈಚೆಲ್ಲಿದ್ದರೆ ಅವರನ್ನು ತಪ್ಪೆನ್ನುವಂತಿರಲಿಲ್ಲ. ಆದರೆ ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ 1965ರಲ್ಲಿ ‘ಸಂಸ್ಕಾರ’ದ ಮೂಲಕ ಅಗ್ರಹಾರದ ಒಳಗನ್ನು, ಹೆಣವೊಂದು ಸಂಸ್ಕಾರವಿಲ್ಲದೆ ಬಿದ್ದಿರುವಾಗ ಅಲ್ಲಿ ಏಳುವ ಧರ್ಮಸಂಕಟವನ್ನು ತೆರೆದು ತೋರಿಸಿದರು. ಎರಡು ವರ್ಷಗಳ ಬಳಿಕ ಕುವೆಂಪು ಅವರೇ ‘ಮಲೆಗಳಲ್ಲಿ ಮದುಮಗಳು’ ಕೃತಿಯಲ್ಲಿ ತಾವು ಒಮ್ಮೆ ಬರೆದಿದ್ದ ನೆಲಕ್ಕೆ ಮರಳಿದರು. ಈ ಬಾರಿ ಒಂದು ಮನೆತನವನ್ನು ನಡುವೆ ಇರಿಸದೆ, ಕಾಡುದಾರಿಯಲ್ಲಿ ನಡೆಯುವ ಆಳುಮಕ್ಕಳಿಗೂ ಒಡೆಯರಷ್ಟೇ ಜಾಗ ಕೊಟ್ಟು ಬರೆದರು. 1976ರಲ್ಲಿ, ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ ‘ಫಣಿಯಮ್ಮ’ದಲ್ಲಿ ಬಾಲವಿಧವೆಯೊಬ್ಬಳ ದೀರ್ಘ ಬದುಕನ್ನು ಮನೆಯ ಒಳಕೋಣೆಗಳ ಕಡೆಯಿಂದ ಹೇಳಿದರು. ಒಂದೇ ತಾಲ್ಲೂಕು, ಒಂದೇ ಮಳೆ, ಹೆಚ್ಚುಕಡಿಮೆ ಒಂದೇ ಕಾಲದ ನೆನಪು. ಆದರೂ ಒಬ್ಬರ ಕೃತಿ ಇನ್ನೊಬ್ಬರಿಗೆ ಬರೆಯಲಾಗುತ್ತಿರಲಿಲ್ಲ. ಗೌಡರ ಜಗಲಿಯಲ್ಲಿ ಕುಳಿತವರಿಗೆ ಕಂಡದ್ದು ಅಗ್ರಹಾರದ ಹುಡುಗನಿಗೆ ಕಾಣಲಿಲ್ಲ. ಅಗ್ರಹಾರದ ಗಂಡಸರಿಗೆ ಕಂಡದ್ದಕ್ಕಿಂತ ಬೇರೆಯದೇ ಲೋಕ ಒಳಗಿನ ಹೆಣ್ಣುಮಕ್ಕಳಿಗೆ ಗೊತ್ತಿತ್ತು.

ಇಂದಿರಾ ಅವರ ವಿಷಯದಲ್ಲಿ ಇನ್ನೂ ಎರಡು ಮಾತು ಹೇಳಲೇಬೇಕು. 1917ರಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ, ಅಂದರೆ ನಲವತ್ತೈದು ದಾಟಿದ ಮೇಲೆ. ಅವರಿಗೆ ದೊರೆತ ಶಾಲಾ ಶಿಕ್ಷಣವೂ ತೀರ ಕಡಿಮೆ. ‘ಫಣಿಯಮ್ಮ’ಕ್ಕೆ ಆಧಾರವಾದದ್ದು ಅವರು ಎಳವೆಯಲ್ಲಿ ಕಂಡಿದ್ದ, ಮನೆಯವರ ಬಾಯಲ್ಲಿ ಕೇಳಿದ್ದ ಹಿರಿಯ ಹೆಂಗಸೊಬ್ಬರ ಜೀವನ. ಆ ಕೃತಿಯ ಹಿಂದಿನ ಬಹುದೊಡ್ಡ ಸಂಪನ್ಮೂಲ ಮನೆಮಂದಿಯ ಮಾತಾಗಿತ್ತು. ಅಂಥ ಮಾತು ನಿಮ್ಮ ಮನೆಯಲ್ಲೂ ಇದೆ, ನಿಮ್ಮ ಶಾಲೆಯ ಮಕ್ಕಳ ಮನೆಗಳಲ್ಲೂ ಇದೆ.

ಈಗ ಎರಡನೆಯ ಪುಟದಲ್ಲಿ ಬತ್ತುವ ಸ್ಫೂರ್ತಿಯ ವಿಚಾರ. ಹೊಸಬರ ಹಸ್ತಪ್ರತಿಗಳನ್ನು ಓದುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದೇನೆಂದರೆ, ಹೀಗೆ ನಡುವೆ ನಿಂತುಹೋಗುವ ಬರಹಗಳಲ್ಲಿ ಭಾಷೆಯ ಕೊರತೆ ಅಷ್ಟಾಗಿ ಇರುವುದಿಲ್ಲ. ಅವುಗಳಲ್ಲಿ ವಿಷಯವಿರುತ್ತದೆ, ಆದರೆ ಪ್ರಶ್ನೆ ಇರುವುದಿಲ್ಲ. ‘ಮಲೆನಾಡಿನ ಮಳೆಗಾಲ’ ಎಂಬುದು ವಿಷಯ. ಅದರ ಬಗ್ಗೆ ಹಂಚಿನ ಮೇಲಿನ ಸದ್ದು, ಕಂಬಳಿ, ಹಲಸಿನ ಹಪ್ಪಳ, ಹೊಗೆ ತುಂಬಿದ ಅಡುಗೆಮನೆ ಎಂದು ಎರಡು ಪುಟ ತುಂಬಿಸಬಹುದು. ಮೂರನೆಯ ಪುಟಕ್ಕೆ ಹೋಗಲು ಕಾರಣವೇ ಇರುವುದಿಲ್ಲ, ಏಕೆಂದರೆ ತಿಳಿಯಬೇಕಾದದ್ದು ಏನೂ ಬಾಕಿ ಉಳಿದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಿಂದ ಇಂದಿನವರೆಗೆ ಓದುಗರನ್ನು ಕೊನೆಯ ಪುಟದವರೆಗೂ ಕರೆದೊಯ್ಯುತ್ತಿರುವುದು, ಅದರಲ್ಲಿ ಹಾರುವ ಓತಿಯೊಂದರ ಹುಡುಕಾಟ ಇರುವುದರಿಂದ. ಆ ಓತಿ ಇದೆಯೇ, ಎಲ್ಲಿದೆ, ಸಿಕ್ಕೀತೇ ಎಂಬ ಕುತೂಹಲ ಎಲ್ಲ ಪಾತ್ರಗಳನ್ನೂ ಕಾಡಿನೊಳಗೆ ಎಳೆಯುತ್ತದೆ, ಜೊತೆಗೆ ಬರೆಯುವವನನ್ನೂ. ನನ್ನ ಮಟ್ಟಿಗೆ ಸ್ಫೂರ್ತಿ ಎನ್ನುವುದು ಉತ್ತರ ಗೊತ್ತಿಲ್ಲದ, ಗೊತ್ತುಮಾಡಿಕೊಳ್ಳದೆ ಇರಲಾಗದ ಒಂದು ಪ್ರಶ್ನೆ. ಅದು ಸಿಕ್ಕಿದ ಮೇಲೆ ಗ್ರಂಥಾಲಯ, ನಿಘಂಟು, ಜಾಲತಾಣ ಎಲ್ಲವೂ ಕೆಲಸಕ್ಕೆ ಬರುತ್ತವೆ. ಅದಿಲ್ಲದೆ ಹೋದವರು ಬೆಂಗಳೂರಿನ ಅತಿ ದೊಡ್ಡ ಗ್ರಂಥಾಲಯದಿಂದಲೂ ಬರಿಗೈಯಲ್ಲಿ ಬರುತ್ತಾರೆ.

ಪ್ರಶ್ನೆ ಎಂದರೆ ಹೇಗಿರಬೇಕು ಎಂಬುದಕ್ಕೆ ನಿಮ್ಮ ಪಕ್ಕದ ಸಾಗರ ತಾಲ್ಲೂಕಿನದೇ ಒಂದು ಸಂಗತಿಯನ್ನು ಹತ್ತಿರದಿಂದ ನೋಡೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿಕೊಂಡಾಗ, ಕರೂರು ಮತ್ತು ಬಾರಂಗಿ ಹೋಬಳಿಯ ಊರುಗಳು ತಾಲ್ಲೂಕು ಕೇಂದ್ರದಿಂದ ನೀರಿನಾಚೆ ಉಳಿದವು. ತುಮರಿ, ಬ್ಯಾಕೋಡು ಕಡೆಯ ಜನ ದಶಕಗಳ ಕಾಲ ಹೊಳೆಬಾಗಿಲಿನ ಲಾಂಚನ್ನೇ ನಂಬಿ ಬದುಕಿದರು. ಲಾಂಚಿನ ವೇಳೆಗೆ ತಕ್ಕಂತೆ ಮದುವೆಯ ದಿಬ್ಬಣ ಹೊರಡುತ್ತಿತ್ತು, ಸಂತೆ ಮುಗಿಯುತ್ತಿತ್ತು. ರಾತ್ರಿ ಲಾಂಚು ನಿಂತ ಮೇಲೆ ಹೆರಿಗೆ ನೋವು ಶುರುವಾದರೆ ಬೆಳಗಿನವರೆಗೆ ಕಾಯಬೇಕಾಗುತ್ತಿತ್ತು ಅಥವಾ ಸುತ್ತುದಾರಿ ಹಿಡಿಯಬೇಕಾಗುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನಗಳನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದರು. ಊರು ಬಿಟ್ಟವರ ಸಂಕಟವನ್ನು ಅವರಷ್ಟು ಒಳಗಿನಿಂದ ಬರೆದವರು ಕಡಿಮೆ. ಆದರೆ ಲಾಂಚಿಗಾಗಿ ಕಾಯುತ್ತ ದಡದಲ್ಲಿ ಕುಳಿತು ಮಾತಾಡುತ್ತಿದ್ದ ಜನ ಸೇತುವೆ ಬಂದ ಮೇಲೆ ಎಲ್ಲಿ ಭೇಟಿಯಾಗುತ್ತಾರೆ? ದಡದಲ್ಲಿ ಚಹಾ ಅಂಗಡಿ ಇಟ್ಟುಕೊಂಡವರು ಈಗ ಏನು ಮಾಡುತ್ತಿದ್ದಾರೆ? ಆಚೆ ದಡಕ್ಕೆ ಹೆಣ್ಣು ಕೊಡಲು ಹಿಂದೆಗೆಯುತ್ತಿದ್ದ ಮನೆಗಳು ಈಗ ಕೊಡುತ್ತವೆಯೇ? ಈ ಪ್ರಶ್ನೆಗಳನ್ನು ಕೇಳಲು ಕುವೆಂಪು ಅವರಿಗಾಗಲಿ ಅನಂತಮೂರ್ತಿಯವರಿಗಾಗಲಿ ಸಾಧ್ಯವಿರಲಿಲ್ಲ. ನಿಮಗೆ ಸಾಧ್ಯ, ಅದೂ ಒಂದು ಭಾನುವಾರ ಬಸ್ಸು ಹತ್ತಿದರೆ ಸಾಕು.

ಅಷ್ಟು ದೂರವೂ ಬೇಡವೆಂದರೆ ಅಡಿಕೆ ಸುಲಿಯುವ ರಾತ್ರಿಗಳನ್ನು ಗಮನಿಸಿ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಇಳಿಸಿದ ಹಸಿ ಅಡಿಕೆ ಅಂಗಳಕ್ಕೆ ಬಂದ ಮೇಲೆ, ಮೆಟ್ಟುಗತ್ತಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಸಾಲಾಗಿ ಕುಳಿತ ಹೆಂಗಸರು ಮಧ್ಯರಾತ್ರಿಯವರೆಗೆ ಸುಲಿಯುತ್ತಿದ್ದ ದೃಶ್ಯ ಮೂವತ್ತು ದಾಟಿದ ಮಲೆನಾಡಿಗರಿಗೆಲ್ಲ ಗೊತ್ತು. ಚೊಗರು ಹತ್ತಿ ಬೆರಳ ತುದಿಗಳು ಕಪ್ಪಾಗಿರುತ್ತಿದ್ದವು. ಕತ್ತಿಯ ಮೇಲೆ ಕಣ್ಣಿಡದೆಯೇ ಕೈ ತಾನಾಗಿ ಓಡುತ್ತಿತ್ತು, ಬಾಯಿ ಊರಿನ ಸುದ್ದಿಯನ್ನೆಲ್ಲ ಸುಲಿಯುತ್ತಿತ್ತು. ಯಾರ ಮನೆಯ ಸೊಸೆ ತವರಿಗೆ ಹೋದವಳು ಬರಲಿಲ್ಲ, ಯಾರ ತೋಟಕ್ಕೆ ಕೊಳೆ ಬಿತ್ತು, ಯಾರು ಸಾಲ ತೀರಿಸಿಲ್ಲ ಎಂಬುದೆಲ್ಲ ಅಲ್ಲಿ ಹೊರಬೀಳುತ್ತಿತ್ತು. ಈಗ ಬಹಳ ಮನೆಗಳಿಗೆ ಸುಲಿಯುವ ಯಂತ್ರ ಬಂದಿದೆ. ಯಂತ್ರದ ಸದ್ದಿನಲ್ಲಿ ಮಾತಾಡಲಾಗುವುದಿಲ್ಲ. ಹಾಗಾದರೆ ಆ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಮಾತು ಈಗ ಎಲ್ಲಿ ಹೋಗಿದೆ? ಕೂಲಿ ಹೋಯಿತು ಎಂಬುದು ಎಲ್ಲರಿಗೂ ಕಾಣುವ ನಷ್ಟ. ಮಾತು ಹೋಯಿತೇ ಇಲ್ಲವೇ ಎಂಬುದನ್ನು ಒಬ್ಬ ಕಥೆಗಾರ್ತಿ ಮಾತ್ರ ಹುಡುಕಬಲ್ಲಳು. ಈ ಒಂದು ಪ್ರಶ್ನೆಯನ್ನು ಬೆನ್ನಟ್ಟಿದರೆ ಎರಡನೆಯ ಪುಟದಲ್ಲಿ ನಿಲ್ಲಬೇಕಾದ ಪ್ರಮೇಯ ಬರುವುದಿಲ್ಲ.

ಪ್ರಶ್ನೆ ಹೊಳೆಯಬೇಕಾದರೆ ಟಿಪ್ಪಣಿ ಪುಸ್ತಕ ಬೇಕು. ದುಬಾರಿಯದು ಬೇಡ, ಶಾಲೆಯ ಮಕ್ಕಳು ಬಳಸುವ ನೂರು ಪುಟದ ನೋಟ್‌ಬುಕ್ ಸಾಕು. ದಿನಾಂಕ, ಜಾಗ, ಯಾರು ಎಂಬುದನ್ನು ಬರೆದು, ಕೇಳಿದ ಒಂದು ಮಾತನ್ನು ಕೇಳಿದ ಹಾಗೆಯೇ ದಾಖಲಿಸಿ. ಗ್ರಂಥಭಾಷೆಗೆ ತಿದ್ದಬೇಡಿ. ‘ಅವರು ಬೇಸರಗೊಂಡರು’ ಎಂದು ಬರೆದರೆ ಆರು ತಿಂಗಳ ನಂತರ ನಿಮಗೇ ಅದರಿಂದ ಏನೂ ಸಿಗುವುದಿಲ್ಲ. ಅವರು ಆಡಿದ ಮಾತು, ಆಗ ಅವರ ಕೈ ಏನು ಮಾಡುತ್ತಿತ್ತು ಎಂಬುದು ಇದ್ದರೆ ಇಡೀ ಸಂದರ್ಭ ಎದ್ದು ಬರುತ್ತದೆ. ಮಳೆಯನ್ನು ಬರೆಯುವಾಗ ನಕ್ಷತ್ರದ ಹೆಸರನ್ನೂ ಬರೆದುಕೊಳ್ಳಿ. ಆರಿದ್ರೆಯ ಮಳೆಗೂ ಆಶ್ಲೇಷದ ಮಳೆಗೂ ಊರಿನ ಕೆಲಸ ಬೇರೆ, ಮಾತು ಬೇರೆ. ಹಿರಿಯರನ್ನು ಮಾತಾಡಿಸುವಾಗ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಬಹುದು, ಆದರೆ ಮೊದಲು ಕೇಳಿ ಒಪ್ಪಿಗೆ ಪಡೆಯಬೇಕು. ‘ನಿಮ್ಮ ಕಾಲದಲ್ಲಿ ಹೇಗಿತ್ತು’ ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ‘ಅಜ್ಜಿ, ನೀವು ಮದುವೆಯಾಗಿ ಬಂದ ದಿನ ಈ ಮನೆಯಲ್ಲಿ ಮೊದಲು ಮಾಡಿದ ಕೆಲಸ ಯಾವುದು’ ಎಂದು ಕೇಳಿ ನೋಡಿ. ಆಗ ಮಾತು ಬೇರೆ ದಾರಿ ಹಿಡಿಯುತ್ತದೆ. ದೀಪಾವಳಿಯಲ್ಲಿ ಮನೆಮನೆಗೆ ದೀಪ ಹೊತ್ತು ಹಾಡುತ್ತ ಬರುವ ಅಂಟಿಗೆ ಪಂಟಿಗೆಯವರ ಪದಗಳನ್ನೂ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುವ ಹೆಂಗಸರು ಪ್ರತಿ ಗೆರೆಗೆ ಹೇಳುವ ಹೆಸರನ್ನೂ ಹೀಗೆಯೇ ಕೇಳಿ ಬರೆದುಕೊಳ್ಳಬಹುದು.

ನೀವು ಶಿಕ್ಷಕಿಯಾಗಿರುವುದು ದೊಡ್ಡ ಅನುಕೂಲ. ಯಾವ ಮಗು ಮಳೆಗಾಲದಲ್ಲಿ ಎಷ್ಟು ದಿನ ಶಾಲೆಗೆ ಬರಲಿಲ್ಲ, ಏಕೆ ಬರಲಿಲ್ಲ, ಯಾವ ಹಳ್ಳಿಯಿಂದ ಬರುವ ಮಕ್ಕಳ ಸಂಖ್ಯೆ ವರ್ಷ ವರ್ಷಕ್ಕೆ ಇಳಿಯುತ್ತಿದೆ ಎಂಬುದು ನಿಮ್ಮ ಹಾಜರಿ ಪುಸ್ತಕದಲ್ಲಿದೆ. ಆದರೆ ಮಕ್ಕಳ ಮನೆಯ ಸಂಗತಿ ಕಥೆಗೆ ಬಂದಾಗ ಊರು, ಹೆಸರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಲೇಬೇಕು. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರಷ್ಟೇ ಸಾಲದು. ತಂದೆಯ ಉದ್ಯೋಗವೊಂದನ್ನು ಹಾಗೆಯೇ ಬಿಟ್ಟರೂ ಗುರುತು ಸಿಗುತ್ತದೆ.

ಇನ್ನು ಪುಸ್ತಕ ಮತ್ತು ದಾಖಲೆಗಳು. ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಈಚಿನ ವರ್ಷಗಳಲ್ಲಿ ಇವುಗಳನ್ನು ಅರಿವು ಕೇಂದ್ರಗಳೆಂದು ಕರೆಯುತ್ತಿದ್ದಾರೆ. ಅನೇಕ ಕಡೆ ಕಂಪ್ಯೂಟರ್ ಸೌಲಭ್ಯವೂ ಬಂದಿದೆ. ಅಲ್ಲಿನ ಮೇಲ್ವಿಚಾರಕರೊಂದಿಗೆ ಪರಿಚಯ ಬೆಳೆಸಿಕೊಂಡು ನಿಮಗೆ ಬೇಕಾದ ಪುಸ್ತಕದ ಹೆಸರು ಬರೆದುಕೊಡಿ. ಕೇಳುವ ಓದುಗರಿದ್ದಾರೆ ಎಂದು ಗೊತ್ತಾದರೆ ಕಪಾಟಿನ ಸ್ವರೂಪವೇ ಬದಲಾಗುವುದನ್ನು ನಾನು ಕಂಡಿದ್ದೇನೆ. ಶಿವಮೊಗ್ಗಕ್ಕೆ ಹೋದಾಗ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಕಾದಂಬರಿಗಳ ಜೊತೆಗೆ ಪತ್ರಿಕೆಗಳನ್ನೂ ನೋಡಿ. 1930ರಲ್ಲಿ ಆರಂಭವಾದ ಶಿವಮೊಗ್ಗದ ಕರ್ನಾಟಕ ಸಂಘದಲ್ಲಿ ಉಪನ್ಯಾಸ, ಪುಸ್ತಕ ಬಿಡುಗಡೆಗಳು ನಡೆಯುತ್ತಿರುತ್ತವೆ. ಸಂಘವು ವರ್ಷಂಪ್ರತಿ ಪುಸ್ತಕ ಬಹುಮಾನಗಳನ್ನೂ ಕೊಡುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯ ಸಂಶೋಧನೆಯ ಪುಸ್ತಕಗಳಿಗೆ ಒಳ್ಳೆಯದು. ಹೊರಗಿನವರಿಗೆ ಪ್ರವೇಶದ ನಿಯಮವೇನೆಂದು ಮೊದಲೇ ವಿಚಾರಿಸಿಕೊಂಡು ಹೋದರೆ ಪ್ರಯಾಣ ವ್ಯರ್ಥವಾಗುವುದಿಲ್ಲ.

ಕಥೆ ಬರೆಯುವವರು ಸಾಮಾನ್ಯವಾಗಿ ಮುಟ್ಟದ ಒಂದು ಆಕರವನ್ನು ನಿಮಗೆ ಒತ್ತಿ ಹೇಳಬಯಸುತ್ತೇನೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೆ ಮೀಸಲಾದವು, ಪ್ರಕಟವಾದದ್ದು 1902 ಮತ್ತು 1904ರಲ್ಲಿ. ಆಗ ನಗರ ತಾಲ್ಲೂಕು ಎಂದು ಕರೆಯುತ್ತಿದ್ದ ನಿಮ್ಮ ಸೀಮೆ 8ನೆಯ ಸಂಪುಟದಲ್ಲಿದೆ, ಜೊತೆಗೆ ಸೊರಬ, ಸಾಗರ, ತೀರ್ಥಹಳ್ಳಿಗಳೂ ಇವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಈ ಸಂಪುಟಗಳ ಸ್ಕ್ಯಾನ್ ಪ್ರತಿಗಳನ್ನು ಉಚಿತವಾಗಿ ಓದಬಹುದು. ಅವುಗಳಲ್ಲಿ ನಿಮ್ಮ ಊರನ್ನೋ ಪಕ್ಕದ ಊರನ್ನೋ ಹುಡುಕಿ. ಹುಂಚದ ಬಸದಿಗಳ ಶಾಸನಗಳು ಅಲ್ಲಿವೆ; ಈ ಸೀಮೆಯನ್ನು ಆಳಿದ ಸಾಂತರರ ಕಾಲದ ಚಟ್ಟಲದೇವಿ 11ನೆಯ ಶತಮಾನದಲ್ಲಿ ಪಂಚಕೂಟ ಬಸದಿ ಕಟ್ಟಿಸಿದ ಸಂಗತಿ ಅವುಗಳಿಂದಲೇ ನಮಗೆ ತಿಳಿದದ್ದು. ಅದಕ್ಕಿಂತಲೂ ಮನಸ್ಸು ತಟ್ಟುವವು ವೀರಗಲ್ಲುಗಳ ನಾಲ್ಕಾರು ಸಾಲಿನ ಬರಹಗಳು. ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು, ಅಷ್ಟೇ ಇರುತ್ತದೆ. ಅವನ ಹೆಂಡತಿ ಏನಾದಳು, ದನ ಮರಳಿ ಬಂದವೇ, ಕಲ್ಲು ಕಡೆದವನಿಗೆ ಕೂಲಿ ಯಾರು ಕೊಟ್ಟರು ಎಂಬುದು ಕಲ್ಲಿನಲ್ಲಿಲ್ಲ. ಸಾವಿರ ವರ್ಷ ಹಿಂದಿನ ಒಬ್ಬ ಸಾಮಾನ್ಯನ ಹೆಸರು ನಿಮ್ಮ ಶಾಲೆಯಿಂದ ಎರಡು ಮೈಲಿ ದೂರದ ಗದ್ದೆಯಂಚಿನಲ್ಲಿ ನಿಂತಿರಬಹುದು ಎಂಬ ಅರಿವಿಗಿಂತ ದೊಡ್ಡ ಪ್ರೇರಣೆಯನ್ನು ನಾನು ಕಾಣೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಹಸ್ತಪ್ರತಿಗಳೂ ಕೆಳದಿ ಅರಸರ ಕಾಲದ ದಾಖಲೆಗಳೂ ಇವೆ. ನಿಮ್ಮ ತಾಲ್ಲೂಕಿನ ನಗರವೇ ಬಿದನೂರೆಂಬ ಹೆಸರಿನಲ್ಲಿ ಆ ರಾಜ್ಯದ ರಾಜಧಾನಿಯಾಗಿತ್ತು, 1763ರಲ್ಲಿ ಹೈದರಾಲಿಯ ವಶವಾಯಿತು. ಕೋಟೆಯನ್ನು ನೋಡಿದವರು ಕೆಳದಿಗೂ ಒಮ್ಮೆ ಹೋಗಿಬರಬೇಕು.

ಆಕರಗಳನ್ನು ನೋಡುವುದು ಬೆಡಗಿಗಾಗಿ ಅಲ್ಲ. ಬರಹದಲ್ಲಿ ಒಂದು ವಿವರ ತಪ್ಪಿದರೆ ಊರಿನ ಓದುಗರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮಂಗನ ಕಾಯಿಲೆಯನ್ನು ಉದಾಹರಣೆಯಾಗಿ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗುಗಳಿಂದ ಹರಡುತ್ತದೆ. ಕಾಡಿನಲ್ಲಿ ಮಂಗಗಳು ಸಾಯತೊಡಗುವುದು ಅದರ ಮುನ್ಸೂಚನೆ. ಅದು ಹೆಚ್ಚುವುದು ಮಳೆ ನಿಂತು ಕಾಡು ಒಣಗಿದ ತಿಂಗಳುಗಳಲ್ಲಿ, ಜನ ಸೌದೆಗೆ, ದರಗಿಗೆ ಎಂದರೆ ಒಣ ಎಲೆಗಳಿಗೆ ಕಾಡು ಹೊಕ್ಕಾಗ. ಈ ಕಾಯಿಲೆಯ ಸಾವನ್ನು ಆಷಾಢದ ಮಳೆಯಲ್ಲಿ ಇರಿಸಿದ ಕಥೆ ಎಷ್ಟೇ ಚೆನ್ನಾಗಿ ಬರೆದಿದ್ದರೂ ಸೊರಬ, ಸಾಗರದ ಓದುಗರಿಗೆ ಸುಳ್ಳಾಗಿಯೇ ತೋರುತ್ತದೆ. ಇಂಥಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯೊಂದಿಗೆ ಅರ್ಧ ಗಂಟೆ ಮಾತಾಡಿದರೆ ಹತ್ತು ಲೇಖನಗಳಿಂದ ಸಿಗದ ವಿವರ ಸಿಗುತ್ತದೆ.

ಶಬ್ದಗಳ ಮಟ್ಟಿಗೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಇಂದಿಗೂ ಮೊದಲ ಆಸರೆ. ದಿನಬಳಕೆಗೆ ‘ಅಲರ್’ ಎಂಬ ಅಂತರಜಾಲ ನಿಘಂಟು ಮೊಬೈಲಿನಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಹಲವು ನಿಘಂಟುಗಳು ಒಂದೆಡೆ ಇವೆ. ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ‘ವಚನ ಸಂಚಯ’ವಿದೆ, ಅಲ್ಲಮನೂ ಅಕ್ಕಮಹಾದೇವಿಯೂ ನಮ್ಮ ಜಿಲ್ಲೆಯ ಬಳ್ಳಿಗಾವಿ, ಉಡುತಡಿಗಳೊಂದಿಗೆ ಸೇರಿಸಿ ನೆನೆಯಲಾಗುವವರು ಎಂಬ ಕಾರಣಕ್ಕಾದರೂ ಅದನ್ನೊಮ್ಮೆ ನೋಡಿ. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಕಾವ್ಯಗಳು ಸಿಗುತ್ತವೆ. ಅಂತರಜಾಲದಲ್ಲಿ ಸಿಕ್ಕಿದ್ದೆಲ್ಲವೂ ಹಂಚಲು ಮುಕ್ತವೆಂದು ಮಾತ್ರ ತಿಳಿಯಬೇಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ಕಾಲ ಹಕ್ಕುಸ್ವಾಮ್ಯ ಇರುತ್ತದೆ. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳಿಗೆ ಅದು 2054ರ ಕೊನೆಯವರೆಗೆ ನಡೆಯುತ್ತದೆ. ಅಂಥ ಪುಸ್ತಕಗಳ ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮುಂದೆ ಕಳುಹಿಸದಿರುವುದು ಪುಸ್ತಕಪ್ರೇಮಿಗಳು ಪಾಲಿಸಬೇಕಾದ ನಿಯಮ. ಪುಸ್ತಕ ಕೊಳ್ಳುವುದಕ್ಕೆ ನವೆಂಬರ್ ಒಳ್ಳೆಯ ತಿಂಗಳು. ರಾಜ್ಯೋತ್ಸವದ ಸಂದರ್ಭದಲ್ಲಿ ಸರ್ಕಾರಿ ಸಂಸ್ಥೆಗಳೂ ಅನೇಕ ಪ್ರಕಾಶಕರೂ ರಿಯಾಯಿತಿ ಕೊಡುತ್ತಾರೆ.

ಒಡನಾಟವಿಲ್ಲ ಎಂದು ಬರೆದಿದ್ದೀರಿ. ನಿಮ್ಮಿಂದ ದೂರವಲ್ಲದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ ಇದೆ. ಊರಿನ ಜನ ಸೇರಿ ಕಟ್ಟಿದ ಈ ಸಂಸ್ಥೆಯನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಬರೆದದ್ದು, ಅನುವಾದಿಸಿದ್ದು, ಪುಸ್ತಕ ಪ್ರಕಟಿಸಿದ್ದು, ಅಡಿಕೆ ಬೆಳೆದದ್ದು ಎಲ್ಲವೂ ಅದೇ ಹಳ್ಳಿಯಲ್ಲಿ; 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ವರ್ಷಕ್ಕೊಮ್ಮೆ ನಡೆಯುವ ಸಂಸ್ಕೃತಿ ಶಿಬಿರದಲ್ಲಿ ಹಗಲು ಉಪನ್ಯಾಸ, ಚರ್ಚೆಗಳೂ ಸಂಜೆ ನಾಟಕಗಳೂ ಇರುತ್ತವೆ. ನಾಡಿನ ಬೇರೆ ಬೇರೆ ಊರುಗಳಿಂದ ಬಂದ ಶಿಕ್ಷಕರು, ರೈತರು, ವಿದ್ಯಾರ್ಥಿಗಳು ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತು ಹಿಂದಿನ ರಾತ್ರಿಯ ನಾಟಕದ ಬಗ್ಗೆ ವಾದ ಮಾಡುವುದನ್ನು ಕೇಳುವುದೇ ಒಂದು ಶಿಕ್ಷಣ. ನೀನಾಸಂ ತಿರುಗಾಟದ ನಾಟಕ ಹತ್ತಿರದ ಊರಿಗೆ ಬಂದರೆ ತಪ್ಪಿಸಿಕೊಳ್ಳಬೇಡಿ. ಕಥೆಗಾರರು ಸಂಭಾಷಣೆ ಕಲಿಯಲು ರಂಗಭೂಮಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ವೇದಿಕೆಯ ಮೇಲೆ ಹೆಚ್ಚಾದ ಒಂದು ಮಾತೂ ಹೆಚ್ಚಾಗಿಯೇ ಕೇಳಿಸುತ್ತದೆ. ಕುಪ್ಪಳಿಗೂ ಹೋಗಿ, ಆದರೆ ಪುಸ್ತಕದೊಂದಿಗೆ ಹೋಗಿ. ಕವಿಮನೆಯನ್ನು ನೋಡಿ ಕವಿಶೈಲದಲ್ಲಿ ಫೋಟೊ ತೆಗೆಸಿಕೊಂಡು ಬರುವವರೇ ಹೆಚ್ಚು. ‘ಮಲೆಗಳಲ್ಲಿ ಮದುಮಗಳು’ ಕೃತಿಯ ಯಾವುದಾದರೂ ಒಂದು ನಡಿಗೆಯ ಭಾಗವನ್ನು ಅಲ್ಲೇ ಬಂಡೆಯ ಮೇಲೆ ಕುಳಿತು ಓದಿ, ಕಣ್ಣೆದುರಿನ ಕಾಡಿನಿಂದ ಲೇಖಕರು ಏನನ್ನು ಆರಿಸಿಕೊಂಡರು, ಏನನ್ನು ಬಿಟ್ಟರು ಎಂದು ಗಮನಿಸಿದರೆ ಆ ಪ್ರಯಾಣದಿಂದ ನಿಮ್ಮ ಬರಹಕ್ಕೆ ನೇರವಾದ ಲಾಭವಿದೆ.

ಊರಿನಲ್ಲೇ ಮೂರು ನಾಲ್ಕು ಓದುಗರ ಗುಂಪೊಂದನ್ನು ಕಟ್ಟಿಕೊಳ್ಳಿ. ಅಂಚೆ ಕಚೇರಿಯವರು, ಸೊಸೈಟಿಯ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು, ಯಾರಾದರೂ ಆದೀತು. ತಿಂಗಳಿಗೆ ಒಂದು ಪುಸ್ತಕ ಓದಿ ಸೇರಿದರೆ ಸಾಕು. ನೀವು ಬರೆದದ್ದನ್ನು ಅವರ ಮುಂದೆ ಗಟ್ಟಿಯಾಗಿ ಓದಿ. ಕೇಳುವವರು ಎಲ್ಲಿ ಅತ್ತಿತ್ತ ನೋಡತೊಡಗಿದರು ಎಂಬುದನ್ನು ಅಂಚಿನಲ್ಲಿ ಗುರುತು ಮಾಡಿಕೊಳ್ಳಿ. ಚೆನ್ನಾಗಿದೆ ಎಂಬ ಮಾತಿಗಿಂತ ಆ ಗುರುತು ಹೆಚ್ಚು ಉಪಯುಕ್ತ. ಭದ್ರಾವತಿ ಆಕಾಶವಾಣಿಯೂ ನಮ್ಮ ಸೀಮೆಯ ಬರಹಗಾರರಿಗೆ ಹಿಂದಿನಿಂದಲೂ ಒದಗಿಬಂದ ವೇದಿಕೆ. ಚಿಂತನ, ಭಾಷಣ, ಕಥೆಗಳ ವಿಭಾಗದವರಿಗೆ ಪತ್ರ ಬರೆದು ಅವಕಾಶ ವಿಚಾರಿಸಿ. ಕಿವಿಗಾಗಿ ಬರೆಯುವಾಗ ವಾಕ್ಯಗಳು ತಾವಾಗಿಯೇ ಹಗುರಾಗುತ್ತವೆ.

ಕೊನೆಯದಾಗಿ, ಕಳುಹಿಸುವುದು. ಸಣ್ಣಕಥೆಗೆ ‘ಮಯೂರ’, ‘ತುಷಾರ’ದಂಥ ಮಾಸಿಕಗಳೂ ‘ಸುಧಾ’, ‘ತರಂಗ’ದಂಥ ವಾರಪತ್ರಿಕೆಗಳೂ ದಿನಪತ್ರಿಕೆಗಳ ಭಾನುವಾರದ ಪುರವಣಿಗಳೂ ಇವೆ. ಕಳುಹಿಸುವ ಮುನ್ನ ಆ ಪತ್ರಿಕೆಯ ಕೆಲವು ಹಿಂದಿನ ಸಂಚಿಕೆಗಳನ್ನು ಓದಿ, ಅವರು ಪ್ರಕಟಿಸುವ ಕಥೆಗಳ ಉದ್ದವನ್ನೂ ಬಗೆಯನ್ನೂ ತಿಳಿದುಕೊಳ್ಳಿ. ಒಂದೇ ಕಥೆಯನ್ನು ಒಂದೇ ಸಮಯದಲ್ಲಿ ಎರಡು ಕಡೆಗೆ ಕಳುಹಿಸಬಾರದು. ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ಅನೇಕ ಒಳ್ಳೆಯ ಕಥೆಗಾರರನ್ನು ಮುಂದಕ್ಕೆ ತಂದಿದೆ, ಅದರ ಪ್ರಕಟಣೆ ಹಬ್ಬಕ್ಕೆ ಸಾಕಷ್ಟು ಮೊದಲೇ ಬರುತ್ತದೆ, ಹಾಗಾಗಿ ಮಳೆಗಾಲದಲ್ಲೇ ಕಥೆ ಸಿದ್ಧವಿರಲಿ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿಯೇ ಕಳುಹಿಸಿ. ಸಂಕಲನವಾಗುವಷ್ಟು ಬರಹ ಕೂಡಿದ ಮೇಲೆ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಪ್ರಕಟಣೆಯನ್ನು ಗಮನಿಸಿ, ವಯಸ್ಸಿನ ಮಿತಿ ಮತ್ತು ನಿಯಮಗಳನ್ನು ಅದರಲ್ಲೇ ನೋಡಿಕೊಳ್ಳಿ. ಅಚ್ಚಿನ ಖರ್ಚೆಲ್ಲವನ್ನೂ ನಿಮ್ಮಿಂದಲೇ ಕೇಳುವ ಪ್ರಕಾಶಕರು ಸಿಕ್ಕರೆ ಎಷ್ಟು ಪ್ರತಿ, ಮಾರಾಟದ ಹೊಣೆ ಯಾರದು, ಹಕ್ಕು ಯಾರಿಗೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ಹಣ ಕೊಡಬೇಡಿ.

ಮೊದಲ ಬರಹವಾಗಿ ಕಾದಂಬರಿಯನ್ನು ಎತ್ತಿಕೊಳ್ಳುವುದು ಬೇಡ ಎಂಬುದು ನನ್ನ ಸಲಹೆ. ಈ ವರ್ಷದ ಅಡಿಕೆ ಕೊಯ್ಲು ಶುರುವಾದಾಗ ಸುಲಿಯುವ ಯಂತ್ರವಿರುವ ಮನೆಯೊಂದಕ್ಕೂ, ಇನ್ನೂ ಮೆಟ್ಟುಗತ್ತಿಯಲ್ಲೇ ಸುಲಿಸುತ್ತಿರುವ ಮನೆಯೊಂದಕ್ಕೂ ಸಂಜೆ ಹೊತ್ತು ಹೋಗಿ ಕುಳಿತು, ಕೇಳಿದ್ದನ್ನು ಬರೆದುಕೊಂಡು, ಎಂಟು ಹತ್ತು ಪುಟದ ಒಂದು ಪ್ರಬಂಧವನ್ನೋ ಕಥೆಯನ್ನೋ ಮುಗಿಸಿ. ಅದರ ಮೊದಲ ಕರಡನ್ನು ನನಗೆ ಕಳುಹಿಸಿದರೆ ಓದಿ, ಸಾಲು ಸಾಲಾಗಿ ಅಭಿಪ್ರಾಯ ಬರೆದು ತಿಳಿಸುತ್ತೇನೆ.